ತಿಪ್ಪರಲಾಗ ಹಾಕಲು ತಿಂಗಳಿಗೆ 3,500 ರೂಪಾಯಿ

ಚಿಕ್ಕವನಿದ್ದಾಗ ಸೇತುವೆಯಿಂದ ಹೊಳೆಗೆ ಲಾಗ ಹಾಕುತ್ತಿದ್ದೆ. ನೆಲದ ಮೇಲೆ ಹಾಕಲು ಮಾತ್ರ ಧೈರ್ಯ ಬಂದಿರಲಿಲ್ಲ. 31ನೇ ವಯಸ್ಸಿನಲ್ಲಿ ನಮ್ಮ ಏರಿಯಾದ ಪಾರ್ಕೋರ್ (ಓಡುತ್ತಾ, ನೆಗೆಯುತ್ತಾ ಗೋಡೆ-ಕಟ್ಟೆ ದಾಟುವ ಕಸರತ್ತು) ಕ್ಲಾಸಿಗೆ ಸೇರಿದೆ. ಮೂರು ತಿಂಗಳಾಯಿತು. ಹಳೇ ಗೋಡೌನು, ಮೇಲೆ ತಗಡಿನ ಶೀಟು. ಮಧ್ಯಾಹ್ನ ಹೋದರೆ ಬೆಂದುಹೋಗುತ್ತೀರಿ.

ಕಲಿಸುವುದು ಮಾತ್ರ ಅಚ್ಚುಕಟ್ಟು. ಹಿಂದಕ್ಕೆ ಹಾಕುವ ಲಾಗಕ್ಕೆ ಮೊದಲ ಎರಡು ವಾರ ಬರೀ ನೆಗೆತ. ‘ಹಿಂದಕ್ಕೆ ಬೀಳಬೇಡಿ ಸಾರ್, ಮೇಲಕ್ಕೆ ಹಾರಿ’ ಅಂತ ಕೋಚ್ ನೂರು ಸಲ ಹೇಳಿರಬೇಕು. ಕಾಲು ನೆಲ ಬಿಡುವ ಮುಂಚೆಯೇ ನಾನು ತಲೆ ಹಿಂದಕ್ಕೆ ಎಸೆಯುತ್ತಿದ್ದೆ. ಹಾಗೆ ಮಾಡಿದರೆ ಎತ್ತರ ಸಿಗುವುದಿಲ್ಲ. ಕೈ ಕಿವಿಯ ಪಕ್ಕ ಬರುವ ತನಕ ಎದುರಿನ ಗೋಡೆ ನೋಡಬೇಕು, ಆಮೇಲೆ ಮಂಡಿಯನ್ನು ಎದೆಗೆ ಎಳೆದುಕೊಳ್ಳಬೇಕು. ಕೋಚ್ ಒಂದು ಕೈ ಸೊಂಟಕ್ಕೆ, ಇನ್ನೊಂದು ತೊಡೆಯ ಹಿಂದೆ ಕೊಟ್ಟು ತಿರುಗಿಸುತ್ತಿದ್ದರು. ಐದನೇ ವಾರ ಅವರು ಕೈ ತೆಗೆದಿದ್ದೇ ನನಗೆ ಗೊತ್ತಾಗಲಿಲ್ಲ!

ಈಗ ಮೈ ನೆಟ್ಟಗಿಟ್ಟು ತಿರುಗುವ ಲೇಔಟ್ ನಡೆಯುತ್ತಿದೆ. ಒಂಟಿ ಕಾಲಲ್ಲಿ ಚಿಮ್ಮಿ, ಮುಂದಕ್ಕೆ ಸಾಗುತ್ತಲೇ ಹಿಂದಕ್ಕೆ ತಿರುಗುವ ಗೇನರ್ ಸದ್ಯಕ್ಕೆ ಫೋಮ್ ಪಿಟ್‌ನಲ್ಲಿ, ಅಂದರೆ ಸ್ಪಂಜಿನ ತುಂಡು ತುಂಬಿದ ಗುಂಡಿಯಲ್ಲಿ ಮಾತ್ರ. ಲಾಗದ ನಡುವೆಯೇ ಮೈಯನ್ನು ಬುಗುರಿಯಂತೆ ಒಂದು ಸುತ್ತು ತಿರುಗಿಸುವ ಫುಲ್ ಟ್ವಿಸ್ಟ್ ಯಾವಾಗ ಅಂತ ಕೇಳಿದ್ದಕ್ಕೆ ಕೋಚ್ ಸುಮ್ನೆ ನಕ್ಕರು.

ದೂರೂ ಇದೆ. ಮ್ಯಾಟುಗಳ ನಡುವೆ ಸಂದು. ಅದರಲ್ಲಿ ನನ್ನ ಕಾಲು ಸಿಕ್ಕಿ ಉಳುಕಿ ಒಂದು ವಾರ ಕುಂಟಿದೆ. ‘ಸರಿ ಮಾಡಿಸ್ತೀವಿ’ ಅಂದರು, ಇನ್ನೂ ಮಾಡಿಸಿಲ್ಲ. ಇಷ್ಟು ಫೀಸಿಗೆ ಇದು ಜಾಸ್ತಿಯೇ ಆಯಿತು, ಅಲ್ವಾ? ಹೋಗುವುದಾದರೆ ಬುಧವಾರ ಸಂಜೆ ಹೋಗಿ. ಶನಿವಾರ ಮಕ್ಕಳ ಗದ್ದಲ, ಟ್ರಾಂಪೊಲಿನ್ ಸಿಗುವುದೇ ಇಲ್ಲ.