8 ವ್ಯಾಟಿನ ಟ್ಯೂಬ್ ಆಂಪ್ ತರುವ ಮುಂಚೆ ನಿಮ್ಮ ಸ್ಪೀಕರಿನ ಬೆನ್ನು ನೋಡಿ

ಟ್ಯೂಬ್ ಆಂಪ್, ಅಂದರೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್ ಹಾಕಿದ ಆಂಪ್ಲಿಫೈಯರ್ ಮೇಲೆ ಆಸೆ ಇರುವವರು ಇದನ್ನು ಓದಿ. ನನ್ನ 38 ಸಾವಿರ ಹೋಯಿತು, ನಿಮ್ಮದಾದರೂ ಉಳಿಯಲಿ.

ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಚಿಕ್ಕಂದಿನಲ್ಲಿ ದೊಡ್ಡಪ್ಪ ವಾಲ್ವ್ ರೇಡಿಯೋ ಹಾಕಿದರೆ ಕಣದಲ್ಲಿ ಕಾಫಿ ಹರಡುವವರಿಗೂ ವಾರ್ತೆ ಕೇಳುತ್ತಿತ್ತು. ಆ ದನಿ ತಲೆಯಲ್ಲಿ ಕೂತುಬಿಟ್ಟಿದೆ. ಹೋದ ವರ್ಷ ಮೆಣಸಿನ ದುಡ್ಡು ಕೈಗೆ ಬಂತು. ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಟ್ಯೂಬ್ ಆಂಪ್ ತಂದೆ. ಒಂದೊಂದು ಚಾನೆಲ್‌ಗೆ ಒಂದೇ ಇಎಲ್34 ಟ್ಯೂಬ್, 8 ವ್ಯಾಟ್. "ಸಾರ್, ಟ್ಯೂಬ್ ವ್ಯಾಟೇ ಬೇರೆ. ಎಂಟು ಅಂದ್ರೆ ಎಂಬತ್ತಿದ್ದ ಹಾಗೆ" ಅಂದರು. ನಂಬಿದೆ. ವ್ಯಾಟ್ ಅಂದರೆ ವ್ಯಾಟೇ ಸ್ವಾಮಿ, ಅದರಲ್ಲಿ ಜಾತಿ ಇಲ್ಲ.

ಮನೆಯಲ್ಲಿದ್ದದ್ದು ಕಪಾಟಿನ ಮೇಲೆ ಕೂರುವಂಥ ಚಿಕ್ಕ ಸ್ಪೀಕರ್. ಮೊದಲ ರಾತ್ರಿ ದೀಪ ಆರಿಸಿ, ಸಣ್ಣಗೆ ಹಾಕಿಕೊಂಡು ಕೂತೆ. ಟ್ಯೂಬಿನ ಕೆಂಪು ಬೆಳಕು, ತಂಬೂರಿ, ಒಂದೇ ಒಂದು ಕಂಠ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಮಾರನೇ ದಿನ ನೆಂಟರು ಬಂದರು, ವಾಲ್ಯೂಮ್ ಏರಿಸಿದೆ. ಮೃದಂಗದ ತನಿ ಶುರುವಾಗಿದ್ದೇ ತಡ, ಪೆಟ್ಟು ಪೆಟ್ಟಿಗೂ ಒಡೆದ ಮಡಕೆಯ ಸದ್ದು. ಆಮೇಲೆ ಜೂನ್ ಬಂತು. ಹೆಂಚಿನ ಮೇಲೆ ಮಳೆ ಹಿಡಿದರೆ ಹಾಡು ಬರ್ತಿದೆಯೋ ನಿಂತಿದೆಯೋ ಅಂತ ಎದ್ದು ಹೋಗಿ ಕಿವಿ ಇಡಬೇಕು. "ಇದಕ್ಕಿಂತ ಮೊಬೈಲೇ ವಾಸಿ ಅಲ್ವಾ?" ಅಂದಳು ಹೆಂಡತಿ.

ಆಗ ಲೆಕ್ಕ ಹಾಕಿದೆ. ಸ್ಪೀಕರಿನ ಹಿಂದೆ ಸೆನ್ಸಿಟಿವಿಟಿ (ಕೊಟ್ಟ ಕರೆಂಟಿಗೆ ಎಷ್ಟು ಸದ್ದು ಮಾಡುತ್ತದೆ ಅನ್ನುವ ಲೆಕ್ಕ) 88 ಡೆಸಿಬಲ್ ಅಂತ ದಪ್ಪಗೆ ಬರೆದಿದೆ. ಪಕ್ಕದಲ್ಲಿ ಇರುವೆಯಷ್ಟು ಅಕ್ಷರದಲ್ಲಿ 2.83 ವೋಲ್ಟ್, 1 ಮೀಟರ್. ಕೆಳಗೆ 4 ಓಮ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಕಿತಾಪತಿ ಇರುವುದು ಇಲ್ಲೇ. 8 ಓಮ್ ಸ್ಪೀಕರಿಗೆ 2.83 ವೋಲ್ಟ್ ಕೊಟ್ಟರೆ 1 ವ್ಯಾಟ್ ಆಗುತ್ತದೆ. 4 ಓಮ್ ಸ್ಪೀಕರಿಗೆ ಅದೇ ವೋಲ್ಟ್ ಕೊಟ್ಟರೆ 2 ವ್ಯಾಟ್. ಅಂದರೆ ನನ್ನದು 88 ತೋರಿಸಿದ್ದು ಎರಡು ವ್ಯಾಟ್ ಕುಡಿದು. ಒಂದು ವ್ಯಾಟಿಗೆ ಅದರ ಯೋಗ್ಯತೆ 85.

ವ್ಯಾಟ್ ಎರಡರಷ್ಟಾದರೆ ಏರುವುದು ಬರೀ 3 ಡೆಸಿಬಲ್. 8 ವ್ಯಾಟನ್ನೂ ಹಿಂಡಿದರೆ ಒಂದು ಮೀಟರ್ ದೂರಕ್ಕೆ 94. ನಾನು ಕೂರುವುದು ನಾಲ್ಕು ಮೀಟರ್ ಆಚೆ, ದೂರ ಹೋದಷ್ಟೂ ಸದ್ದು ಇಳಿಯುತ್ತದೆ. ಎರಡೂ ಸ್ಪೀಕರ್ ಸೇರಿಸಿದರೂ ಕಿವಿಗೆ ಬರುವಾಗ 85ರ ಆಸುಪಾಸು. ಅದೂ ಮೃದಂಗದ ಜೋರು ಪೆಟ್ಟಿಗೆ. ಪೆಟ್ಟು ಒಡೆಯಬಾರದು ಅಂದರೆ ಉಳಿದ ಹಾಡು ಅದಕ್ಕಿಂತ 15 ಡೆಸಿಬಲ್ ಆದರೂ ಕೆಳಗಿರಬೇಕು. ಮನುಷ್ಯರು ಸ್ವಲ್ಪ ಜೋರಾಗಿ ಮಾತಾಡಿದಷ್ಟು. ನಮ್ಮೂರ ಮಳೆಗೆ ಇದು ಯಾವ ಲೆಕ್ಕ?

ಇನ್ನೊಂದು ಪೆದ್ದುತನ. ಆಂಪ್ ಹಿಂದೆ 4, 8 ಅಂತ ಬೇರೆ ಬೇರೆ ಟರ್ಮಿನಲ್ ಇವೆ. ನಾನು 4 ಓಮ್ ಸ್ಪೀಕರನ್ನು 8ಕ್ಕೆ ಸಿಕ್ಕಿಸಿದ್ದೆ. ಬದಲಾಯಿಸಿದ ಮೇಲೆ ಒಡಕು ಕಮ್ಮಿಯಾಯಿತು, ಸದ್ದೇನೂ ಜಾಸ್ತಿ ಆಗಲಿಲ್ಲ.

ಮೂರ್ನಾಡಿನಲ್ಲಿ ಮದುವೆಗಳಿಗೆ ಮೈಕ್‌ಸೆಟ್ ಹಾಕುವ ಹುಡುಗನೊಬ್ಬ ಪರಿಚಯ. ಮಳೆಗಾಲ, ಅವನ ಸ್ಪೀಕರ್‌ಗಳು ಸುಮ್ನೆ ಕೂತಿದ್ದವು. 12 ಇಂಚಿನ ಒಂದು ಜೊತೆ ಜೀಪಿನಲ್ಲಿ ತಂದ. 97 ಡೆಸಿಬಲ್, 8 ಓಮ್, ನೋಡೋಕೆ ಥೇಟ್ ಕೋಳಿಗೂಡು. ಎಡಗಡೆಯದು ಮೊದಲು ಹಾಕಿದೆವು. ಅಬ್ಬಾ! ಅಡುಗೆಮನೆಯಿಂದ "ಸಣ್ಣ ಮಾಡಿ" ಅನ್ನುವ ಕೂಗು ಬಂತು. 85ಕ್ಕೂ 97ಕ್ಕೂ ಇರುವ ಅಂತರ ಸಣ್ಣದಲ್ಲ. ಇಷ್ಟೇ ಸದ್ದು ಚಿಕ್ಕ ಸ್ಪೀಕರಿನಿಂದ ಬರಬೇಕಾದರೆ 120 ವ್ಯಾಟಿಗಿಂತ ಜಾಸ್ತಿ ಬೇಕು.

"ಅಣ್ಣಾ, ಇನ್ನೊಂದೂ ಹಾಕಿಬಿಡೋಣ" ಅಂದ. ಖುಷಿಯಲ್ಲಿ ಆಂಪ್ ಆಫ್ ಮಾಡಲಿಲ್ಲ. ಹಾಡು ಓಡುತ್ತಿರುವಾಗಲೇ ಬಲಗಡೆಯ ವೈರ್ ಬಿಚ್ಚಿದೆ. ಹೊಸ ವೈರಿನ ತುದಿ ಸುಲಿಯುತ್ತಿದ್ದೆ. ಒಳಗೆ ಚಟ್ ಅಂತ ಸದ್ದು, ಹಿಂದೆಯೇ ವಾರ್ನಿಷ್ ಸುಟ್ಟ ವಾಸನೆ. ಟ್ಯೂಬಿಗೂ ಸ್ಪೀಕರಿಗೂ ಮಧ್ಯೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಮಾಮೂಲಿ ಟ್ರಾನ್ಸಿಸ್ಟರ್ ಆಂಪ್‌ಗೆ ಸ್ಪೀಕರ್ ಇಲ್ಲದಿದ್ದರೂ ನಡೆಯುತ್ತದೆ. ಟ್ಯೂಬಿನದು ಹಾಗಲ್ಲ. ಸ್ಪೀಕರ್ ಇಲ್ಲದೆ ಹಾಡು ಓಡಿದರೆ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಎಗರಿ ಸುತ್ತುಗಳ ಮಧ್ಯದ ಇನ್ಸುಲೇಶನ್ ತೂತಾಗಬಹುದು. ಹಾಗಂತ ನೀವೇ ಬಿಚ್ಚಿ ನೋಡಲು ಹೋಗಬೇಡಿ. ಒಳಗೆ 300 ವೋಲ್ಟಿಗೂ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ.

ಅಷ್ಟರ ಮೇಲೆ ಒಂದಿನ ಅಟ್ಟದಿಂದ ದೊಡ್ಡಪ್ಪನ ರೇಡಿಯೋ ಇಳಿಸಿ ಹಿಂದಿನ ರಟ್ಟು ತೆಗೆದೆ. ಅಗಲವಾದ ಸ್ಪೀಕರ್, ಊದಿದರೆ ಅಲುಗಾಡುವಷ್ಟು ಹಗುರ ಕಾಗದದ ಕೋನ್. ಆ ರೇಡಿಯೋದಲ್ಲಿ ಇದ್ದದ್ದೂ ಮೂರ್ನಾಲ್ಕು ವ್ಯಾಟೇ. ನಾನು ಆಂಪ್ ಹುಡುಕಿಕೊಂಡು ಹೋದೆ, ಸ್ಪೀಕರ್ ಮರೆತೆ.

8 ವ್ಯಾಟ್ ಒಳಗಿನ ಆಂಪ್ ಆದರೆ 1 ವ್ಯಾಟಿಗೆ 93, 95 ಡೆಸಿಬಲ್ ಕೊಡುವ 8 ಓಮ್ ಸ್ಪೀಕರ್ ಮೊದಲು ಹುಡುಕಿ. ಓಮ್ ಎಲ್ಲಿಯವರೆಗೆ ಇಳಿಯುತ್ತದೆ ಅಂತಲೂ ಕೇಳಿ, 8 ಅಂತ ಬರೆದದ್ದು ಕೆಲವು ಸ್ಪೀಕರಿನಲ್ಲಿ ಕೆಲವು ಸ್ವರಗಳಿಗೆ 4ಕ್ಕಿಂತ ಕೆಳಗೆ ಹೋಗುತ್ತದೆ. ಮಾರುವವರ ಮನೆಯಲ್ಲಿ ಕೇಳಿ ಖುಷಿಪಡಬೇಡಿ, ನಿಮ್ಮ ಸ್ಪೀಕರ್ ಹೊತ್ತುಕೊಂಡು ಹೋಗಿ.

ಟ್ರಾನ್ಸ್‌ಫಾರ್ಮರ್ ಮೈಸೂರಿನಲ್ಲಿ ಸುತ್ತಲು ಕೊಟ್ಟು ಎರಡು ತಿಂಗಳಾಯಿತು. ಸದ್ಯಕ್ಕೆ ಎಡಗಡೆ ಮಾತ್ರ ಹಾಡುತ್ತಿದೆ. ಅದಕ್ಕೂ ಕಲ್ಲು ಬೀಳುವ ಹಾಗಿದೆ. ಮದುವೆ ಸೀಸನ್ ಬಂತು, ಹುಡುಗ ಸ್ಪೀಕರ್ ವಾಪಸ್ ಕೇಳುತ್ತಿದ್ದಾನೆ.