ಚಾಸಿಗೆ ಯಾವ ಲೇಪ: ರಬ್ಬರ್ ಕೋಟಿಂಗೋ, ವ್ಯಾಕ್ಸೋ, ಲ್ಯಾನೋಲಿನ್ನೋ?

ಕೆಸರು, ಹೊಳೆ, ಬಂಡೆ ಮೂರನ್ನೂ ದಾಟುವ ಗಾಡಿಗೆ ಅಡಿಯ ತುಕ್ಕು ತಡೆಯುವುದು ಬಂಪರ್, ವಿಂಚ್‌ಗಳಿಗಿಂತ ಮೊದಲು ಆಗಬೇಕಾದ ಕೆಲಸ. ಒಂದೇ ಲ್ಯಾಡರ್ ಚಾಸಿಯ (ಗಾಡಿಯ ಅಡಿಯ ಏಣಿಯಾಕಾರದ ಉಕ್ಕಿನ ಚೌಕಟ್ಟಿನ) ಬೇರೆ ಬೇರೆ ಭಾಗಕ್ಕೆ ಮೂರೂ ಲೇಪ ಹಚ್ಚಿ, ಮಳೆಗಾಲ ಕಳೆದ ಮೇಲೆ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಹಚ್ಚಿದ ದಿನ ಚೆಂದ ಕಾಣುವುದು ಬಿಟುಮೆನ್ ಬೆರೆತ ರಬ್ಬರ್ ಕೋಟಿಂಗ್. ಒಣಗಿದ ಮೇಲೆ ಕೈಗೆ ಅಂಟುವುದಿಲ್ಲ, ಚಕ್ರ ಎರಚುವ ಜಲ್ಲಿಯ ಪೆಟ್ಟು ತಡೆಯುತ್ತದೆ, ಕ್ಯಾಬಿನ್ ಒಳಗಿನ ಸದ್ದೂ ತಗ್ಗುತ್ತದೆ. ತೊಂದರೆ ಶುರುವಾಗುವುದು ಮೊದಲ ಬಿರುಕಿನಿಂದ. ಚಾಸಿ ಬಂಡೆಗೆ ಉಜ್ಜಿದ ಕಡೆ ಲೇಪದ ಅಂಚು ಏಳುತ್ತದೆ, ನೀರು ಅಲ್ಲಿಂದ ನುಸುಳಿ ಹಿಂದೆ ಸಿಕ್ಕಿಕೊಳ್ಳುತ್ತದೆ, ದಿನಗಟ್ಟಲೆ ಆರುವುದಿಲ್ಲ. ಹೊರಗೆ ಕಪ್ಪಗೆ ನುಣ್ಣಗಿರುವ ಜಾಗವನ್ನೇ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಲೋಹದ ಸದ್ದು ಬರದೆ ಮಂದ ಸದ್ದು ಬಂದರೆ ಅನುಮಾನಪಡಿ. ಅಂಥ ಕಡೆ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಅಂಗೈಯಗಲದ ಹಾಳೆ ಕಿತ್ತು ಬಂದು, ಹಿಂದಿನಿಂದ ಒದ್ದೆ ಕಂದು ಪುಡಿ ಉದುರುತ್ತದೆ. ಈಗಾಗಲೇ ತುಕ್ಕು ಹಿಡಿದ ಚಾಸಿಗೆ ಇದನ್ನು ಬಳಿಯುವುದು ತುಕ್ಕಿಗೆ ಹೊದಿಕೆ ಹೊದಿಸಿದಂತೆ. ಇದಕ್ಕೆ ಸರಿಯಾದ ಜಾಗ ವೀಲ್ ಆರ್ಚ್‌ನ (ಚಕ್ರದ ಮೇಲಿನ ಕಮಾನಿನ) ಒಳಭಾಗ ಮಾತ್ರ, ಅದೂ ಶುದ್ಧ ಲೋಹಕ್ಕೆ ಮೊದಲ ಪದರವಾಗಿ ಎಪಾಕ್ಸಿ ಪ್ರೈಮರ್ ಹೊಡೆದು ಒಣಗಿಸಿದ ಮೇಲೆ, ಎರಡು ತೆಳು ಕೋಟ್‌ಗಳಲ್ಲಿ.

ವ್ಯಾಕ್ಸ್ ಒಣಗಿದ ಮೇಲೂ ಮೆತ್ತಗಿರುತ್ತದೆ, ಸಣ್ಣ ಗೀರು ಬಿದ್ದರೆ ದೊಡ್ಡ ಹಾಳೆಯಾಗಿ ಏಳುವುದಿಲ್ಲ. ಇದರ ನಿಜವಾದ ಬೆಲೆ ತಿಳಿಯುವುದು ಚಾಸಿಯ ಒಳಗೆ. ಪೆಟ್ಟಿಗೆಯಾಕಾರದ ಉಕ್ಕಿನ ಕೊಳವೆಯೊಳಗೆ ಕೆಸರು ಕೂತು, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ತೂತು ಕಾಣುವ ಹೊತ್ತಿಗೆ ತಗಡು ಹೋಗಿರುತ್ತದೆ. ಅದಕ್ಕೇ ಟೊಳ್ಳು ಭಾಗಗಳೊಳಗೆ ಹೊಡೆಯುವ ತೆಳುವಾದ ಕ್ಯಾವಿಟಿ ವ್ಯಾಕ್ಸ್ ತೆಗೆದುಕೊಂಡು, ಸುತ್ತಲೂ ಚಿಮ್ಮುವ ನಾಝಲ್ ಇರುವ ಒಂದು ಮೀಟರ್ ಉದ್ದದ ಪೈಪನ್ನು ಚಾಸಿಯ ತೂತಿನಿಂದ ಪೂರ್ತಿ ಒಳಗೆ ತಳ್ಳಿ, ಟ್ರಿಗರ್ ಒತ್ತಿಕೊಂಡೇ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ನೀರು ಇಳಿಯಲೆಂದು ಕೆಳಗಿರುವ ಡ್ರೈನ್ ಹೋಲ್‌ನಿಂದ ತೊಟ್ಟಿಕ್ಕಲು ಶುರುವಾದರೆ ಅಲ್ಲಿಗೆ ತಲುಪಿದೆ ಎಂದರ್ಥ. ಮಧ್ಯಮ ಗಾತ್ರದ ಗಾಡಿಯ ಒಳಭಾಗಕ್ಕೆ ಸುಮಾರು ಎರಡು ಲೀಟರ್ ಹಿಡಿಯುತ್ತದೆ. ಮಾರನೇ ದಿನ ಪ್ರತಿ ಡ್ರೈನ್ ಹೋಲ್‌ಗೂ ತಂತಿ ಹಾಕಿ ಬಿಡಿಸಿ. ಅದು ಮುಚ್ಚಿದ್ದರೆ ಮುಂದಿನ ಹೊಳೆಯ ನೀರು ಒಳಗೇ ನಿಲ್ಲುತ್ತದೆ. ಹೊರಭಾಗದಲ್ಲಿ ಮಾತ್ರ ವ್ಯಾಕ್ಸ್ ಕಡು ಚಳಿಗೆ ಬಿರುಕು ಬಿಡಬಹುದು, ಸೈಲೆನ್ಸರ್ ಹತ್ತಿರ ಕರಗಿ ಇಳಿಯಬಹುದು.

ಲ್ಯಾನೋಲಿನ್ ಕುರಿಯ ಉಣ್ಣೆಯ ಜಿಡ್ಡು. ಪೂರ್ತಿ ಒಣಗುವುದೇ ಇಲ್ಲ, ಹಾಗಾಗಿ ವೆಲ್ಡ್ ಸಂದು, ಬೋಲ್ಟಿನ ಮರೆ, ಎರಡು ತಗಡು ಕೂಡುವ ಜಾಗಕ್ಕೆಲ್ಲ ಹರಿದು ಇಳಿಯುತ್ತದೆ. ಉದುರುವ ಹಳೆ ತುಕ್ಕನ್ನು ಬ್ರಷ್‌ನಿಂದ ತೆಗೆದರೆ ಸಾಕು, ಉಳಿದದ್ದರ ಮೇಲೇ ಹೊಡೆಯಬಹುದು. ಸಸ್ಪೆನ್ಶನ್ ಬೋಲ್ಟ್‌ಗಳು ಮುಂದೆ ಬಿಚ್ಚುವಾಗ ಮುರಿಯದೆ ಬರುತ್ತವೆ, ಮನೆಯಲ್ಲೇ ಕೆಲಸ ಮಾಡುವವರಿಗೆ ಇದೇ ದೊಡ್ಡ ಲಾಭ. ಚಳಿಯಲ್ಲಿ ದಪ್ಪಗಾದರೆ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿಟ್ಟು ತೆಳುವಾಗಿಸಿ, ಬೆಂಕಿಯ ಹತ್ತಿರ ಬೇಡ. ಅಡಿಭಾಗಕ್ಕೆ ಮೂರು-ನಾಲ್ಕು ಲೀಟರ್ ಬೇಕು. ಧೂಳು ಅಂಟುತ್ತದೆ, ರಿಪೇರಿಗೆ ಕೆಳಗೆ ಹೋದವರ ಬಟ್ಟೆ ಕೆಡುತ್ತದೆ, ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಕಿತ್ತುಹೋಗುತ್ತದೆ. ವೀಲ್ ಆರ್ಚ್‌ನಲ್ಲಂತೂ ಬೇಗ ತೊಳೆದುಹೋಗುತ್ತದೆ. ವರ್ಷಕ್ಕೊಮ್ಮೆ ಮತ್ತೆ ಹೊಡೆಯಲೇಬೇಕು. ಆದರೂ ಹೊರಭಾಗಕ್ಕೆ ನಮ್ಮ ಆಯ್ಕೆ ಇದೇ: ಎಲ್ಲಿ ತೊಳೆದುಹೋಗಿದೆಯೋ ಅಲ್ಲಿ ಲೋಹ ಕಣ್ಣಿಗೆ ಕಾಣುತ್ತದೆ, ಅಲ್ಲಿಗೆ ಮತ್ತೆ ಹೊಡೆದರೆ ಆಯಿತು.

ಯಾವುದನ್ನು ಹಚ್ಚಿದರೂ ಮೊದಲ ತಯಾರಿ ಒಂದೇ. ಸಮತಟ್ಟು ನೆಲದಲ್ಲಿ ಗಾಡಿಯನ್ನು ಭಾರ ಹೊರುವ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಒಳಗೂ ಹೊರಗೂ ತೊಳೆದು, ಮೇಲ್ಮೈ ಜೊತೆ ಸಂದುಗೊಂದುಗಳೂ ಆರಲು ಒಂದೆರಡು ದಿನ ಬಿಡಿ. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗ್ ಚಾಸಿಗೆ ಕೂಡುವ ಹಿಡಿಕೆ), ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ), ಬಾಡಿ ಕೂರುವ ಚಾಸಿಯ ಮೇಲ್ಮೈ, ಇವುಗಳಲ್ಲೇ ಕೆಸರು ಅಡಗಿರುತ್ತದೆ. ವೈರ್ ಬ್ರಷ್ ಹಾಕಿ ಸಡಿಲ ತುಕ್ಕು ತೆಗೆಯಿರಿ. ಒತ್ತಿದರೆ ಸ್ಕ್ರೂಡ್ರೈವರ್ ತಗಡಿನೊಳಗೆ ಇಳಿಯುವಂತಿದ್ದರೆ ಲೇಪ ಬಿಟ್ಟು ಮೊದಲು ವೆಲ್ಡಿಂಗ್ ಮಾಡಿಸಿ. ವ್ಯಾಕ್ಸ್, ಲ್ಯಾನೋಲಿನ್ ಹಚ್ಚಿದ ಮೇಲೆ ವೆಲ್ಡಿಂಗ್ ಮಾಡಿದರೆ ಬೆಂಕಿ ಹಿಡಿಯಬಹುದು.

ಬ್ರೇಕ್ ಡಿಸ್ಕ್, ಡ್ರಮ್, ಕ್ಯಾಲಿಪರ್‌ಗಳನ್ನು ಪ್ಲಾಸ್ಟಿಕ್ ಚೀಲದಿಂದ ಬಿಗಿಯಾಗಿ ಮುಚ್ಚಿ. ಲೇಪ ಸಿಡಿದರೆ ಬ್ರೇಕಿನ ಹಿಡಿತ ತಗ್ಗುತ್ತದೆ. ಸೈಲೆನ್ಸರ್ ಪೈಪ್, ಆಕ್ಸಿಜನ್ ಸೆನ್ಸರ್, ರಬ್ಬರ್ ಬುಷ್‌ಗಳಿಗೂ ತಾಗಬಾರದು. ಲೇಪದಲ್ಲಿನ ಪೆಟ್ರೋಲಿಯಂ ದ್ರಾವಕ ನಿಂತರೆ ನೈಸರ್ಗಿಕ ರಬ್ಬರಿನ ಬುಷ್ (ಸಸ್ಪೆನ್ಶನ್ ಕೀಲುಗಳ ರಬ್ಬರ್ ಬಳೆ) ಉಬ್ಬಿ ಮೆದುವಾಗುತ್ತದೆ. ಆಕ್ಸಲ್‌ಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೆ ದಪ್ಪ ಲೇಪ ಬಳಿದರೆ ಬ್ಯಾಲೆನ್ಸ್ ತಪ್ಪಿ ವೇಗದಲ್ಲಿ ಗಾಡಿ ನಡುಗುತ್ತದೆ. ಆಕ್ಸಲ್ ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಹೊರಹೋಗುವ ಸಣ್ಣ ಕಂಡಿ) ಮುಚ್ಚಿಬಿಟ್ಟರೆ ಬಿಸಿಗೆ ಒಳಗಿನ ಒತ್ತಡ ಏರಿ ಆಯಿಲ್ ಸೀಲ್ ಸೋರಲು ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಅದರ ಕ್ಯಾಪ್ ಬೆರಳಿಂದ ಆಡುತ್ತದೆಯೇ ಎಂದು ನೋಡಿಕೊಂಡೇ ಗಾಡಿಯನ್ನು ಸ್ಟ್ಯಾಂಡ್‌ನಿಂದ ಇಳಿಸಿ.