ಕೆಂಗಣ್ಣಿಗೆ ಮೆಡಿಕಲ್ ಶಾಪಿನ ನಾಲ್ಕು ಡ್ರಾಪ್ಸ್: ತೋಟದವರ ಕಣ್ಣಿಗೆ ಯಾವುದಾದೀತು?

ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ, "ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ" ಎಂದು ಕೇಳಿದರೆ ಕೈಗೆ ಬರಬಹುದಾದ ಬಾಟಲಿಗಳು ಮುಖ್ಯವಾಗಿ ನಾಲ್ಕು ಬಗೆ. ಕಂಪನಿ ಯಾವುದೆಂದು ನೋಡಬೇಕಿಲ್ಲ, ಲೇಬಲ್ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ನೋಡಿ.

ಮೊದಲನೆಯದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5%. ಕಣ್ಣಿಗೆ ತೇವ ಕೊಡುವುದಷ್ಟೇ ಇದರ ಕೆಲಸ. ಮದ್ರಾಸ್ ಐ (ಒಬ್ಬರಿಂದೊಬ್ಬರಿಗೆ ಅಂಟುವ ಕಣ್ಣುಬೇನೆ) ಬಂದಾಗ ಉರಿ, ಮರಳು ಬಿದ್ದಂತಹ ಚುಚ್ಚು ತಗ್ಗಲು ದಿನಕ್ಕೆ ನಾಲ್ಕು ಬಾರಿ ಒಂದೊಂದು ಹನಿ, ಜೊತೆಗೆ ತಣ್ಣೀರಿನ ಬಟ್ಟೆ ಸಾಕು. ಅಡಿನೋವೈರಸ್‌ನಿಂದ ಬಂದ ಬೇನೆ ಆ್ಯಂಟಿಬಯೋಟಿಕ್ ಹನಿಗೆ ಬಗ್ಗುವುದಿಲ್ಲ. ಎರಡು ವಾರದ ತನಕ ಇನ್ನೊಬ್ಬರಿಗೆ ಅಂಟಬಹುದು, ಹಾಗಾಗಿ ಟವೆಲ್, ದಿಂಬು ಬೇರೆಯಿರಲಿ. ಕೈಗೆ ಸ್ಯಾನಿಟೈಸರ್‌ಗಿಂತ ಸೋಪೇ ಮೇಲು. ನಾಲ್ಕಾರು ಸಲಕ್ಕಿಂತ ಹೆಚ್ಚು ಹಾಕಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಪದೇ ಪದೇ ಬಿದ್ದರೆ ಕಾರ್ನಿಯಾದ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದ) ಮೇಲ್ಮೈಯೇ ಕೆಡುತ್ತದೆ.

ಎರಡನೆಯದು ಓಲೋಪಟಾಡಿನ್. ಬೇಸಿಗೆ ಬಂತೆಂದರೆ ಕಣ್ಣು ಉಜ್ಜುತ್ತಲೇ ಇರುವ, ನೂಲಿನಂತೆ ಪಿಸುರು ಬರುವ ಮಕ್ಕಳ ಅಲರ್ಜಿಗೆ ಒಳ್ಳೆಯದು. 0.1% ಆದರೆ ದಿನಕ್ಕೆ ಎರಡು ಬಾರಿ. ಉಜ್ಜುವ ಚಟ ನಿಲ್ಲದಿದ್ದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಅಪಾಯವಿದೆ.

ಮೂರನೆಯದು ಆ್ಯಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಕೂಡಿಸಿದ್ದು. ಜನ ಹೆಚ್ಚು ಮೆಚ್ಚುವುದು ಇದನ್ನೇ, ನಮ್ಮ ತಕರಾರೂ ಇದರ ಮೇಲೇ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್ — ಈ ಸ್ಟೀರಾಯ್ಡ್‌ಗಳಲ್ಲಿ ಒಂದರ ಹೆಸರು ಕಂಡರೂ ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ ನಿಜ. ಆದರೆ ಇಳಿದದ್ದು ಕಣ್ಣಿನ ಪ್ರತಿರೋಧ, ರೋಗವಲ್ಲ. ಮರಗಸಿ ಮಾಡುವಾಗ (ತೋಟದ ನೆರಳು ಮರದ ಕೊಂಬೆ ಕಡಿಯುವಾಗ) ಒಣ ಕಡ್ಡಿ ತಾಗಿತು, ಮೆಣಸಿನ ಬಳ್ಳಿ ಬಡಿಯಿತು, ಕಳೆ ಕೊಚ್ಚುವ ಮೆಷಿನ್ನಿಂದ ಚೂರು ಹಾರಿತು ಅನ್ನಿ. ಆ ಗೀರಿನಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂತಹ ಶಿಲೀಂಧ್ರ ಕೂತಿದ್ದರೆ ಸ್ಟೀರಾಯ್ಡ್ ಅದಕ್ಕೆ ದಾರಿ ಬಿಟ್ಟುಕೊಡುತ್ತದೆ. ಹರ್ಪಿಸ್ ವೈರಸ್‌ನಿಂದಾದ ಹುಣ್ಣಿನಲ್ಲೂ ಇದೇ ಕತೆ. ಗೀರು ಇದೆಯೋ ಇಲ್ಲವೋ ಎಂದು ಕೌಂಟರಿನಾಚೆಯಿಂದ ತಿಳಿಯುವುದಿಲ್ಲ. ಫ್ಲೋರೆಸಿನ್ ಬಣ್ಣ ಹಚ್ಚಿ ನೀಲಿ ಬೆಳಕಿನಲ್ಲಿ ನೋಡಿದಾಗಲೇ ಅದು ಹಸಿರಾಗಿ ಹೊಳೆಯುವುದು. ಅಲರ್ಜಿಯ ಮಕ್ಕಳಿಗೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ವೈದ್ಯರ ಕೈಯಲ್ಲಿ ಇದು ಉತ್ತಮ ಔಷಧ, ಮನೆಯ ಫ್ರಿಜ್ಜಿನಲ್ಲಿ ಉಳಿದ ಬಾಟಲಿಯಾಗಿ ಅಲ್ಲ.

ನಾಲ್ಕನೆಯದು ನಟಮೈಸಿನ್ 5%. ಕಡ್ಡಿ ತಾಗಿದ ಶಿಲೀಂಧ್ರ ಹುಣ್ಣಿಗೆ ಮೊದಲ ಆಯ್ಕೆ. ಔಷಧದ ಪುಡಿ ಕರಗದೆ ತೇಲುವ ಹಾಲಿನಂತಹ ದ್ರವವಾದ್ದರಿಂದ ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು, ಇಲ್ಲವಾದರೆ ಔಷಧ ತಳದಲ್ಲೇ ಉಳಿದು ಮೇಲಿನ ನೀರಷ್ಟೇ ಕಣ್ಣಿಗೆ ಬೀಳುತ್ತದೆ. ಶುರುವಿನಲ್ಲಿ ಗಂಟೆಗೊಮ್ಮೆ, ಆಮೇಲೆ ವಾರಗಟ್ಟಲೆ. ರೆಪ್ಪೆಯೊಳಗೆ ಬಿಳಿ ಪುಡಿ ಅಂಟುವುದು ಕಂಡು ಹಲವರು ಹೆದರಿ ನಿಲ್ಲಿಸುತ್ತಾರೆ, ಅದು ಔಷಧದ್ದೇ. ಇದರ ಕುಂದು ಒಂದೇ: ಕಾರ್ನಿಯಾದ ಆಳಕ್ಕೆ ಇಳಿಯುವುದಿಲ್ಲ. ತಡಮಾಡಿದಷ್ಟೂ ಕೆಲಸ ಕಡಿಮೆ, ವಾಸಿಯಾದರೂ ಹೂವು (ಬಿಳಿ ಕಲೆ) ಉಳಿಯುತ್ತದೆ. ಹುಣ್ಣಿನಿಂದ ಕೆರೆದು ಪರೀಕ್ಷಿಸದೆ ಇದನ್ನು ಊಹೆಯ ಮೇಲೆ ಶುರುಮಾಡುವುದೂ ಸರಿಯಲ್ಲ.

ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಸಿಂಪಡಿಸುವಾಗ ಸುಣ್ಣ ಕಣ್ಣಿಗೆ ಹಾರಿದರೆ ಈ ನಾಲ್ಕೂ ಬೇಡ. ಅಲ್ಲೇ, ಆಗಲೇ, ಕನಿಷ್ಠ ಅರ್ಧ ಗಂಟೆ ಶುದ್ಧ ನೀರು ಹರಿಸಿ. ಮೇಲಿನ ರೆಪ್ಪೆ ಎತ್ತಿ ಕೆಳಗೆ ಕೂತ ಸುಣ್ಣದ ಚೂರನ್ನೂ ತೊಳೆಯಿರಿ. ಆಸ್ಪತ್ರೆ ಆಮೇಲೆ.

ನೋವು, ಬೆಳಕು ನೋಡಲಾಗದಿರುವುದು, ಮಂಜು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ: ಯಾವುದೊಂದಿದ್ದರೂ ಅದೇ ದಿನ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹತ್ತಿರದ ಕಣ್ಣಿನ ವೈದ್ಯರ ಬಳಿಗೋ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಬರೀ ಕೆಂಪು ಕಂಡರೂ ಹೋಗಬೇಕು.

ಹಾಕುವಾಗ ಕೆಳರೆಪ್ಪೆ ಎಳೆದು ಒಂದೇ ಹನಿ. ಎರಡನೆಯದು ಕೆನ್ನೆಗೆ ಹರಿದು ಹೋಗುತ್ತದೆ. ಎರಡು ಔಷಧಗಳ ನಡುವೆ ಐದು ನಿಮಿಷ ಬಿಡಿ. ತುದಿ ರೆಪ್ಪೆಗೆ ತಾಗಬಾರದು. ತೆರೆದ ದಿನ ಬಾಟಲಿಯ ಮೇಲೆ ಬರೆದಿಟ್ಟು, ತಿಂಗಳಾದ ಮೇಲೆ ಅರ್ಧ ಉಳಿದಿದ್ದರೂ ಎಸೆಯಿರಿ.